ನದೀದಂಡೆಯ ಹದಿಮೂರನೆಯ ಬಕದ ಕುರಿತು

ಇಲಾಖೆಯ ಪ್ರಧಾನ ಕಚೇರಿ
(ಎರಡನೆಯ ಮಹಡಿ, ನದಿಯ ಕಡೆಗೆ ಕಿಟಕಿ ಇಲ್ಲದ ಪಾರ್ಶ್ವ)

ಸಂಖ್ಯೆ: ನದಂ/ಜಲಪಕ್ಷಿ/ನಿಶ್ಚಲ/13/ಮರುಎಣಿಕೆ

ಸುತ್ತೋಲೆ

ವಿಷಯ: ನಗರದ ನದೀದಂಡೆಯಲ್ಲಿ ಅನುಮತಿಯಿಲ್ಲದೆ ವಾಸಿಸುತ್ತಿರುವ ಜಲಪಕ್ಷಿಗಳು ಸರ್ಕಾರಿ ಪ್ರತಿಮೆಗಳಂತೆ ಅಲುಗಾಡದೆ ನಿಲ್ಲುವುದನ್ನು ತಡೆಗಟ್ಟುವ ಬಗ್ಗೆ, ಹಾಗೂ ಕೊನೆಯ ಮೆಟ್ಟಿಲಿನ ಮೇಲೆ ಕುಳಿತುಕೊಳ್ಳುವ ವೃದ್ಧೆಯೊಬ್ಬರ ಬಗ್ಗೆ.

ಉಲ್ಲೇಖ:
1. ಇದೇ ವಿಷಯದ ಹಿಂದಿನ ಸುತ್ತೋಲೆ (ಪಕ್ಷಿಗಳು ಓದಿಲ್ಲವೆಂದು ತಿಳಿದುಬಂದಿದೆ).
2. ಬಣ್ಣ ಬಳಿಯುವವರ ಹೇಳಿಕೆ.
3. ಸದರಿ ವೃದ್ಧೆಯ ಹೇಳಿಕೆ (ಕೇಳಿದ್ದಕ್ಕೆ ಉತ್ತರವಲ್ಲ, ಆದರೂ ಲಗತ್ತಿಸಿದೆ).
4. ಮೇಲಧಿಕಾರಿಗಳು ದೂರವಾಣಿಯಲ್ಲಿ ನೀಡಿದ ಮೌಖಿಕ ಆದೇಶ (ನೀಡಿಲ್ಲವೆಂದು ಅವರು ನಂತರ ತಿಳಿಸಿರುತ್ತಾರೆ).

ಪೀಠಿಕೆ

ನದಿಯ ಅಂದವನ್ನು ಹೆಚ್ಚಿಸುವ ಸಲುವಾಗಿ ದಂಡೆಯ ಮೆಟ್ಟಿಲುಗಳ ಉದ್ದಕ್ಕೂ ಹನ್ನೆರಡು ಸಿಮೆಂಟಿನ ಬಕಗಳನ್ನು ಸ್ಥಾಪಿಸಲಾಗಿದ್ದು ಸರ್ವವಿದಿತವಾಗಿದೆ. ಉದ್ಘಾಟಿಸಿದ ಗಣ್ಯರು, "ನಿಜವಾದ ಹಕ್ಕಿಗಿಂತ ಇವೇ ವಾಸಿ ಕಣ್ರೀ, ಗಲೀಜು ಮಾಡಲ್ಲ, ಕೂಗಲ್ಲ, ಹೇಳಿದ ಕಡೆ ನಿಲ್ತವೆ" ಎಂದು ಮೆಚ್ಚುಗೆ ವ್ಯಕ್ತಪಡಿಸಿದ್ದರು. ಸಿಬ್ಬಂದಿಯೂ ಇದೇ ಗುಣಗಳನ್ನು ರೂಢಿಸಿಕೊಳ್ಳತಕ್ಕದ್ದೆಂದು ಅಂದೇ ಸೂಚಿಸಲಾಗಿತ್ತು.

ಇಲಾಖೆಯಲ್ಲಿ ಮೊದಲಿನಿಂದ ನಡೆದುಬಂದ ಪದ್ಧತಿಯಂತೆ, ದಂಡೆಯ ಸ್ವತ್ತುಗಳ ಎಣಿಕೆಯನ್ನು ಸೇತುವೆಯ ಮೇಲೆ ಜೀಪು ನಿಲ್ಲಿಸಿ, ಗಾಜು ಇಳಿಸಿ, ಒಳಗೆ ಕುಳಿತೇ ಮಾಡಲಾಗುತ್ತದೆ. ಮೆಟ್ಟಿಲುಗಳು ಪಾಚಿಗಟ್ಟಿದ್ದು, ಅಧಿಕಾರಿಗಳ ಪಾದರಕ್ಷೆಗಳಿಗೆ ಹೊಂದುವುದಿಲ್ಲ. ಮೊದಲನೆಯ ಎಣಿಕೆಯಲ್ಲಿ ಹದಿಮೂರು ಬಕಗಳು ಕಂಡುಬಂದವು. ಹನ್ನೆರಡು ಕೇಳಿ ಹದಿಮೂರು ಬಂದದ್ದು ಇಲಾಖೆಯ ಚರಿತ್ರೆಯಲ್ಲಿ ಇದೇ ಮೊದಲಾದ್ದರಿಂದ (ಸಾಮಾನ್ಯವಾಗಿ ಹತ್ತು ಬರುತ್ತವೆ) ಗುತ್ತಿಗೆದಾರರಿಗೆ ಶಾಲು ಹೊದಿಸಿ ಗೌರವಿಸಲಾಯಿತು. ಹದಿಮೂರನ್ನೂ ಸರ್ಕಾರಿ ಸ್ವತ್ತೆಂದು ದಾಖಲಿಸಲಾಯಿತು.

ತರುವಾಯ, ಪ್ರತಿಮೆಗಳ ಕಾಲಿಗೆ ಸಂಖ್ಯೆ ಬರೆಯಲು ಬಣ್ಣ ಬಳಿಯುವವರನ್ನು ಕಳುಹಿಸಲಾಯಿತು. ಅವರ ಹೇಳಿಕೆಯನ್ನು ಅವರ ಮಾತಿನಲ್ಲೇ ದಾಖಲಿಸಿದೆ: "ಹನ್ನೆರಡಕ್ಕೆ ಬರೆದೆ ಸಾರ್, ಏನೂ ತೊಂದ್ರೆ ಆಗ್ಲಿಲ್ಲ. ಹದಿಮೂರನೇದರ ಕಾಲಿಗೆ ಕುಂಚ ತಾಗಿಸ್ದೆ ನೋಡಿ, ಅದು ಕತ್ತು ತಿರುಗಿಸಿ ನನ್ನನ್ನ ಒಂದ್ಸಲ ನೋಡ್ತು. ನಮ್ಮತ್ತೆ ನೋಡ್ದಂಗೇ ನೋಡ್ತು ಸಾರ್. ಆಮೇಲೆ ಹೋಯ್ತು. ಡಬ್ಬಿ ನೀರಿಗೆ ಬಿತ್ತು. ಡಬ್ಬಿ ನನ್ ಸ್ವಂತದ್ದು."

ಸ್ವತ್ತು ನಷ್ಟದ ನಮೂನೆಯಲ್ಲಿ "ಒಡೆದಿದೆ", "ಕೊಚ್ಚಿಹೋಗಿದೆ", "ಕಳವಾಗಿದೆ" ಎಂಬ ಮೂರೇ ಕಲಮುಗಳಿದ್ದು, "ಹಾರಿಹೋಗಿದೆ" ಎಂಬ ಕಲಮು ಇರುವುದಿಲ್ಲ. ಆದುದರಿಂದ ಸದರಿ ಬಕವು ಕಳವಾಗಿದೆಯೆಂದು ನಿರ್ಣಯಿಸಲಾಯಿತು. ಕಳವಾದ ಮೇಲೆ ಕಳ್ಳರು ಇರಲೇಬೇಕು. ಘಟನೆಯ ವೇಳೆ ಸ್ವತ್ತಿಗೆ ಮೊಳದಳತೆಯ ದೂರದಲ್ಲಿ ಕುಳಿತಿದ್ದವರು ಒಬ್ಬರೇ: ಹೊಲಿಗೆ ಕೆಲಸ ಮಾಡಿ ಈಗ ಕಣ್ಣು ಮಂಜಾಗಿರುವ, ಬೀದಿಯವರು "ಹೊಲಿಗೆಯಜ್ಜಿ" ಎಂದು ಕರೆಯುವ ವೃದ್ಧೆ. ವಿಚಾರಣೆಯ ಮುಕ್ತಾಯದವರೆಗೆ ಅವರು ಮೆಟ್ಟಿಲಿಗೆ ಬರಕೂಡದೆಂದು ತಿಳಿವಳಿಕೆ ಪತ್ರ ನೀಡಲಾಯಿತು. ಅವರು ಅದನ್ನು ಮಡಿಸಿ, ಮೆಟ್ಟಿಲಿನ ಮೇಲೆ ಹಾಸಿ, ಅದರ ಮೇಲೆಯೇ ಕುಳಿತರೆಂದು ವರದಿಯಾಗಿದೆ.

ಮೇಲಿನ ಎಲ್ಲ ಅಂಶಗಳನ್ನು ಕೂಲಂಕಷವಾಗಿ ಪರಿಶೀಲಿಸಿ, ಈ ಕೆಳಗಿನಂತೆ ಕಟ್ಟುನಿಟ್ಟಾಗಿ ತಿಳಿಯಪಡಿಸಲಾಗಿದೆ.

1. ಈ ಸುತ್ತೋಲೆಯಲ್ಲಿ "ಪ್ರತಿಮೆ" ಎಂದರೆ ಅಲುಗಾಡದ ಬಕ. "ಪಕ್ಷಿ" ಎಂದರೆ ಅಲುಗಾಡುವ ಬಕ. ಅಲುಗಾಡಬಲ್ಲದ್ದಾಗಿಯೂ ಅಲುಗಾಡದೆ ನಿಲ್ಲುವ ಬಕವನ್ನು ವೇಷಧಾರಿಯೆಂದು ಭಾವಿಸತಕ್ಕದ್ದು.

2. ದಂಡೆಯ ಎಲ್ಲ ಬಕಗಳೂ ಜೀಪು ಸೇತುವೆಯ ಮೇಲೆ ನಿಂತ ಕೂಡಲೇ ಕನಿಷ್ಠ ಒಂದು ಕಾಲನ್ನಾದರೂ ಎತ್ತತಕ್ಕದ್ದು. ಈಗಾಗಲೇ ಒಂದು ಕಾಲನ್ನು ಎತ್ತಿ ನಿಂತಿರುವ ಬಕಗಳು ಎರಡನೆಯದನ್ನು ಎತ್ತತಕ್ಕದ್ದು.

3. ಬಕಧ್ಯಾನವು ಕಚೇರಿ ವೇಳೆಯಲ್ಲಿ ಸಿಬ್ಬಂದಿಗೆ ಮಾತ್ರ ಮೀಸಲಾಗಿದೆ. ಪಕ್ಷಿಗಳು ಅದನ್ನು ಅನುಕರಿಸುವುದು ಇಲಾಖೆಯ ಘನತೆಗೆ ಕುಂದು ತರುವ ಕಾರಣ ನಿಷೇಧಿಸಿದೆ.

4. ನೀರುಕಾಗೆಗಳು ಎರಡೂ ರೆಕ್ಕೆಗಳನ್ನು ಚಾಚಿ ಬಂಡೆಯ ಮೇಲೆ ನಿಲ್ಲುವುದು ಗಮನಕ್ಕೆ ಬಂದಿದೆ. ರೆಕ್ಕೆ ಒಣಗಿಸಿಕೊಳ್ಳುತ್ತಿವೆ ಎಂಬ ಅವುಗಳ ಪರವಾದ ವಾದವನ್ನು ಒಪ್ಪಲಾಗುವುದಿಲ್ಲ. ದೂರದಿಂದ ನೋಡುವವರಿಗೆ ಅವು ಇಲಾಖೆಯನ್ನು ಕುರಿತು "ಏನಪ್ಪಾ ಇದು?" ಎಂದು ಕೈಚೆಲ್ಲಿದಂತೆ ಕಾಣುತ್ತದೆ. ಒಣಗಿಸುವ ಕಾರ್ಯವನ್ನು ಒಮ್ಮೆಗೆ ಒಂದು ರೆಕ್ಕೆಯಂತೆ ಕೈಗೊಳ್ಳತಕ್ಕದ್ದು.

5. ಗುಳುಮುಳುಕ ಹಕ್ಕಿಯು ಒಂದು ಕಡೆ ಮುಳುಗಿ ಇನ್ನೊಂದು ಕಡೆ ಏಳುವುದರಿಂದ ಎಣಿಕೆಯಲ್ಲಿ ಎರಡು ಬಾರಿ ಸೇರುತ್ತಿದೆ. ಇನ್ನು ಮುಂದೆ ಮುಳುಗಿದಲ್ಲೇ ಏಳತಕ್ಕದ್ದು. ಬೇರೆ ಕಡೆ ಏಳಲೇಬೇಕಾದ ಅನಿವಾರ್ಯತೆಯಿದ್ದಲ್ಲಿ ಮುಳುಗುವ ಮುನ್ನ ತಿಳಿಸತಕ್ಕದ್ದು.

6. ಪಕ್ಷಿಗಳ ಹಿಕ್ಕೆಯಿಂದ ನದಿ ಮಲಿನವಾಗುತ್ತಿದೆ. ಸೇತುವೆಯ ಕೆಳಗಿನ ದೊಡ್ಡ ಕೊಳವೆಯಿಂದ ಹಗಲಿರುಳು ಬೀಳುತ್ತಿರುವ ಕಪ್ಪು ನೀರಿನ ಬಗ್ಗೆ ಕೆಲವು ನಾಗರಿಕರು ಪ್ರಸ್ತಾಪಿಸಿರುತ್ತಾರೆ. ಕೊಳವೆಗೆ ಅನುಮತಿ ಪತ್ರವಿದೆ, ಪಕ್ಷಿಗಳಿಗೆ ಇಲ್ಲ. ಕೊಳವೆಯು ಎಂದೂ ಪ್ರತಿಮೆಯ ತಲೆಯ ಮೇಲೆ ಕುಳಿತ ನಿದರ್ಶನವೂ ಇರುವುದಿಲ್ಲ.

7. ನದಿಯ ಶುದ್ಧತೆಯನ್ನು ಪರೀಕ್ಷಿಸಲು ಹೊರಗಿನ ತಂಡ ಬರುವ ದಿನ ಎಲ್ಲ ಜಲಪಕ್ಷಿಗಳ ಹಾಜರಾತಿ ಕಡ್ಡಾಯ. ಪಕ್ಷಿಗಳಿರುವ ಕಡೆ ನೀರು ಶುದ್ಧವೆಂದು ಆ ತಂಡ ನಂಬುತ್ತದೆ. ಅಂದು ಮಿಂಚುಳ್ಳಿಯು ನೀರಿಗೆ ಧುಮುಕಿ, ಮೀನಿನೊಡನೆಯೇ ಮೇಲೇಳತಕ್ಕದ್ದು. ಮೀನು ಸಿಗದ ಪಕ್ಷದಲ್ಲಿ ಇಲಾಖೆಯಿಂದ ಒದಗಿಸಲಾಗುವುದು. ಕಾರ್ಯಕ್ರಮದ ನಂತರ ಹಿಂದಿರುಗಿಸತಕ್ಕದ್ದು.

8. ನಾಗರಿಕರು ಜಲಪಕ್ಷಿಗಳೊಡನೆ ಮಾತನಾಡುವುದನ್ನೂ, ಅವುಗಳಿಗಾಗಿ ದೇವರಲ್ಲಿ ಬೇಡಿಕೊಳ್ಳುವುದನ್ನೂ ತಕ್ಷಣದಿಂದ ನಿಲ್ಲಿಸತಕ್ಕದ್ದು. ಬೇಡಿಕೆಗಳೇನಿದ್ದರೂ ಈ ಕಚೇರಿಯ ಮೂಲಕವೇ ಮೇಲಕ್ಕೆ ಹೋಗತಕ್ಕದ್ದು. ನೇರವಾಗಿ ಸಲ್ಲಿಸಿದ ಪ್ರಾರ್ಥನೆಗಳನ್ನು ದೇವರು ಪರಿಗಣಿಸಿದಲ್ಲಿ ಅದಕ್ಕೆ ಇಲಾಖೆ ಹೊಣೆಯಲ್ಲ.

9. ಪಕ್ಷಿಗಳೊಡನೆ ರಕ್ತಸಂಬಂಧವನ್ನು ಹೇಳಿಕೊಳ್ಳುವವರು ವಂಶವೃಕ್ಷವನ್ನು ಹಾಜರುಪಡಿಸತಕ್ಕದ್ದು. ಈ ಕಲಮು ಹೊಲಿಗೆಯಜ್ಜಿಯವರ ಹೇಳಿಕೆಯಿಂದ ಅಗತ್ಯವಾಯಿತು. ಕಳವಾದ ಸ್ವತ್ತಿಗೂ ತಮಗೂ ಏನು ಸಂಬಂಧವೆಂದು ವಿಚಾರಣಾಧಿಕಾರಿಗಳು ಕೇಳಿದ ಪ್ರಶ್ನೆಗೆ ಅವರು ಕೊಟ್ಟ ಉತ್ತರ ಹೀಗಿದೆ:

"ತಮ್ಮ ಆಗ್ಬೇಕು. ನಗ್ಬೇಡಪ್ಪ, ನಮ್ಮನೆಯವರು ಮಾಡಿದ ಸಂಬಂಧ ಅದು. ನನಗೆ ಒಡಹುಟ್ಟಿದವರು ಯಾರೂ ಇಲ್ಲ. ಅಂಗಡಿ ಬಾಗಿಲು ಹಾಕಿ ಇಬ್ರೂ ಇಲ್ಲಿ ಬಂದು ಕೂರ್ತಿದ್ವಿ. ಈ ಬಕ ಬಂದು ಪಕ್ಕದಲ್ಲಿ ನಿಲ್ಲೋದು. 'ನೋಡೇ, ನಿನ್ನ ತಮ್ಮ ಬಂದ. ಕೆಲ್ಸ ಇಲ್ಲ, ಬೊಗಸೆ ಇಲ್ಲ, ಮೀನು ಮಾತ್ರ ಬೇಕು, ಥೇಟ್ ಭಾಮೈದ' ಅಂತ ರೇಗಿಸೋರು. ನಾನೂ ಬಿಡ್ತಿರ್ಲಿಲ್ಲ, 'ನನ್ನ ತಮ್ಮನ ಸುದ್ದಿಗೆ ಬಂದ್ರೆ ಜೋಕೆ' ಅಂತಿದ್ದೆ. ಹೋದ ವರ್ಷ ಅವರು ಹೋಗ್ಬಿಟ್ರು. ಮನೆಗೆ ಬಂದೋರೆಲ್ಲ ಸಮಾಧಾನ ಹೇಳಿ ಊಟ ಮಾಡ್ಕೊಂಡು ಹೋದ್ರು. ಇವನೊಬ್ಬ ಬಂದು ನಿಂತ, ಅಷ್ಟೇ. ನಾನು ಅವನನ್ನ ಕದಿಯೋದು ಎಲ್ಲಿಂದ ಬಂತು? ಅವನು ದಿನಾ ಬೆಳಿಗ್ಗೆ ವಾಪಸ್ ಬರ್ತಾನಲ್ಲ, ನೀವೇ ಬಂದು ನೋಡಿ. ಅವನಿಗೆ ಆ ಜಾಗ ಕೊಟ್ಟವನು ದೇವರು. ನೀವು ಕೊಟ್ಟಿದ್ದು ಒಂದು ತೊಟ್ಟು ಬಣ್ಣ. ಮೆಟ್ಟಿಲು ಮಾತ್ರ ಬಿಡಿಸ್ಬೇಡಿ. ಮನೇಲಿ ಕೂತ್ರೆ ಅವರ ದನಿ ನೆನಪಿಗೇ ಬರಲ್ಲ, ಇಲ್ಲಿ ಕೂತ್ರೆ ಕೇಳುತ್ತೆ."

ಸದರಿ ಹೇಳಿಕೆಯಲ್ಲಿ ಸಂಬಂಧವನ್ನು ಒಪ್ಪಿಕೊಂಡಿರುವುದು ಸ್ಪಷ್ಟವಿದೆ. ಮೃತರ ದನಿ ಕೇಳಿಸುವ ವ್ಯವಸ್ಥೆಯನ್ನು ಆ ಮೆಟ್ಟಿಲಿಗೆ ಯಾರು ಮಂಜೂರು ಮಾಡಿದರೆಂಬುದು ಕಡತದಲ್ಲಿ ಕಂಡುಬರುವುದಿಲ್ಲ. ಪ್ರತಿದಿನ ಬೆಳಿಗ್ಗೆ ಬಕವು ಹಿಂದಿರುಗುವ ಬಗ್ಗೆ: ಒಮ್ಮೆ ಕಳವಾಗಿದೆಯೆಂದು ದಾಖಲಾದ ಸ್ವತ್ತು ಇಲಾಖೆಯ ಲಿಖಿತ ಒಪ್ಪಿಗೆಯಿಲ್ಲದೆ ಹಿಂದಿರುಗುವಂತಿಲ್ಲ. ಆದಕಾರಣ ಅದು ಹಿಂದಿರುಗಿಲ್ಲ.

10. ಕೊನೆಯ ಮೆಟ್ಟಿಲಿನ ಮೇಲೆ ಯಾವ ಮನುಷ್ಯರೂ ಕುಳಿತುಕೊಳ್ಳತಕ್ಕದ್ದಲ್ಲ. ನಿಂತುಕೊಳ್ಳುವುದು, ಮಂಡಿಯೂರುವುದು, ಕಣ್ಣು ಒರೆಸಿಕೊಳ್ಳುವುದು ಸಹ ಕುಳಿತುಕೊಳ್ಳುವುದರಲ್ಲೇ ಸೇರಿವೆ.

11. ಕಲಮು 10ನ್ನು ಜಾರಿಗೊಳಿಸುವ ಮುನ್ನ ಸ್ವತ್ತುಗಳ ಅಂತಿಮ ಮರುಎಣಿಕೆ ನಡೆಸಬೇಕಾಗಿತ್ತು. ಹನ್ನೆರಡು ಸಿಕ್ಕಿದ್ದರೆ ಕಳವು ಸಾಬೀತಾಗಿ, ಅಜ್ಜಿಯವರನ್ನು ಮೆಟ್ಟಿಲಿನಿಂದ ಶಾಶ್ವತವಾಗಿ ತೆರವುಗೊಳಿಸಲು ಆದೇಶ ಸಿದ್ಧವಿತ್ತು. ಮೇಲಧಿಕಾರಿಗಳಿಗೆ ಮಂಡಿನೋವಿದ್ದ ಪ್ರಯುಕ್ತ ಕಚೇರಿಯ ಗುಮಾಸ್ತರೊಬ್ಬರನ್ನು ಜೀಪಿನಲ್ಲಿ ಕಳುಹಿಸಲಾಯಿತು. ಅವರು ಪದ್ಧತಿಯನ್ನು ಚಾಚೂ ತಪ್ಪದೆ ಪಾಲಿಸಿ, ಸೇತುವೆಯ ಮೇಲಿಂದ ಗಾಜು ಇಳಿಸಿ ಎಣಿಸಿ, ಹದಿಮೂರು ಇವೆಯೆಂದು ವರದಿ ಸಲ್ಲಿಸಿರುತ್ತಾರೆ. ಹದಿಮೂರನೆಯದರ ವಿವರ ಅವರ ಒಕ್ಕಣೆಯಲ್ಲೇ: "ಕೊನೆಯ ಮೆಟ್ಟಿಲಿನ ಮೇಲಿದೆ. ಬೂದು ಹೊದಿಕೆ. ತಲೆ ಬಿಳಿ. ಬೆನ್ನು ಕೊಂಚ ಬಾಗಿದೆ. ನೀರಿನ ಕಡೆಗೆ ಮುಖ. ಅಲುಗಾಡುವುದಿಲ್ಲ."

12. ಸದರಿ ಗುಮಾಸ್ತರು ಬಾಲ್ಯದಲ್ಲಿ ಅದೇ ಬೀದಿಯವರೆಂದೂ, ಅವರ ಶಾಲೆಯ ಅಂಗಿಗೆ ಪ್ರತಿವರ್ಷ ಗುಂಡಿ ಹಾಕಿಕೊಟ್ಟವರು ಹೊಲಿಗೆಯಜ್ಜಿಯವರೇ ಎಂದೂ ಒಂದು ಅನಾಮಧೇಯ ದೂರು ಬಂದಿತ್ತು. ಕಾರಣ ಕೇಳಿ ನೋಟಿಸು ನೀಡಲಾಗಿ, ಅವರು ಮೇಲಧಿಕಾರಿಗಳ ಎದುರಿನಲ್ಲಿ, "ನನ್ ಕಣ್ಣಿಗೆ ಹದಿಮೂರು ಕಂಡ್ವು ಸಾರ್. ಡೌಟಿದ್ರೆ ತಾವೇ ಒಂದ್ಸಲ ಮೆಟ್ಟಿಲಿಳಿದು ಎಣಿಸಿ, ಕೈ ಹಿಡ್ಕೋತೀನಿ, ಪಾಚಿ ಇದೆ" ಎಂದು ಉತ್ತರಿಸಿದರು. ಮೆಟ್ಟಿಲಿಳಿಯಲು ಯಾರೂ ಮುಂದೆ ಬಾರದ ಕಾರಣ ವರದಿಯನ್ನು ಅಂಗೀಕರಿಸಲಾಗಿದೆ.

13. ಹೀಗಾಗಿ ಹದಿಮೂರನೆಯ ಸ್ವತ್ತು ಸ್ವಸ್ಥಾನದಲ್ಲೇ ಇರುವುದಾಗಿ ಈ ಮೂಲಕ ಘೋಷಿಸಿ, ಕಳವಿನ ಕಡತವನ್ನು ಮುಕ್ತಾಯಗೊಳಿಸಲಾಗಿದೆ. ಅದರ ಪಾಲನೆಗಾಗಿ ಕೆಳಕಂಡ ಸೂಚನೆಗಳನ್ನು ನೀಡಿದೆ:

(ಅ) ಕಲಮು 10 ಮನುಷ್ಯರಿಗೆ ಅನ್ವಯಿಸುತ್ತದೆ, ಸ್ವತ್ತಿಗೆ ಅನ್ವಯಿಸುವುದಿಲ್ಲ. ಸ್ವತ್ತು ಕುಳಿತುಕೊಳ್ಳುವುದಿಲ್ಲ, ಸ್ಥಾಪಿತವಾಗಿರುತ್ತದೆ. ಅದನ್ನು ಎಬ್ಬಿಸುವುದು, ಸರಿಸುವುದು, ಪ್ರಶ್ನಿಸುವುದು ದಂಡನೀಯ.

(ಆ) ಸದರಿ ಸ್ವತ್ತು ಸಂಜೆ ಎದ್ದು ಬೀದಿಯ ಕಡೆ ಹೋಗಿ ಮರುದಿನ ಬೆಳಿಗ್ಗೆ ಬರುತ್ತದೆಂದು ಕಾವಲುಗಾರರು ತಿಳಿಸಿರುತ್ತಾರೆ. ಎಣಿಕೆ ಬೆಳಿಗ್ಗೆ ಮಾತ್ರ ನಡೆಯುವುದರಿಂದ ಇಲಾಖೆಗೆ ಆಕ್ಷೇಪವಿಲ್ಲ.

(ಇ) ಕಣ್ಣಿನ ಭಾಗದಲ್ಲಿ ಆಗಾಗ ತೇವ ಕಾಣಿಸಿಕೊಳ್ಳುತ್ತದೆ. ಹೊಸ ಸಿಮೆಂಟಿನಲ್ಲಿ ಇದು ಸಹಜ. ಒಣಗಲು ಕಾಲಾವಕಾಶ ನೀಡತಕ್ಕದ್ದು. ಎಷ್ಟು ಕಾಲವೆಂದು ನಿಗದಿಪಡಿಸಲು ತಾಂತ್ರಿಕ ವಿಭಾಗವು ಅಸಮರ್ಥತೆ ವ್ಯಕ್ತಪಡಿಸಿದೆ.

(ಈ) ಬಣ್ಣ ಬಳಿಯುವವರು ಈ ಸ್ವತ್ತಿನ ಕಾಲಿಗೆ ಸಂಖ್ಯೆ ಬರೆಯತಕ್ಕದ್ದಲ್ಲ. ಅದೂ ಕತ್ತು ತಿರುಗಿಸಿ ನೋಡುವ ಸಂಭವವಿದೆ.

(ಉ) ಇದರ ಪಕ್ಕದಲ್ಲಿ ದಿನವೂ ಒಂದು ಜೀವಂತ ಬಕವು ಬಂದು ನಿಲ್ಲುತ್ತಿದ್ದು, ಅದರ ಎಡಗಾಲಿನ ಮೇಲೆ ಒಂದು ತೊಟ್ಟು ಬಣ್ಣ ಉಳಿದಿದೆಯೆಂದು ತಿಳಿದುಬಂದಿದೆ. ಹದಿಮೂರೂ ಲೆಕ್ಕಕ್ಕೆ ಸಿಕ್ಕಿರುವುದರಿಂದ ಇನ್ನೊಂದು ಬಕ ಇರಲು ಸಾಧ್ಯವಿಲ್ಲ. ಇಲ್ಲದ ಪಕ್ಷಿಯನ್ನು ಓಡಿಸಲು ಸಿಬ್ಬಂದಿಯನ್ನು ನಿಯೋಜಿಸಲಾಗುವುದಿಲ್ಲ.

ಈ ಸುತ್ತೋಲೆಯ ಅಂಶಗಳನ್ನು ಎಲ್ಲ ಸಿಬ್ಬಂದಿ, ನಾಗರಿಕರು ಹಾಗೂ ಕೊಕ್ಕುಳ್ಳ ನಿವಾಸಿಗಳು ತಪ್ಪದೆ ಅನುಸರಿಸತಕ್ಕದ್ದು. ತಪ್ಪಿದವರನ್ನು ಎಣಿಸಲಾಗುವುದು.

(ಸಹಿ ಅಸ್ಪಷ್ಟ)
ನಿರ್ದೇಶಕರ ಪರವಾಗಿ, ಉಪನಿರ್ದೇಶಕರು ರಜೆಯಲ್ಲಿರುವ ಪ್ರಯುಕ್ತ,
ಪ್ರಭಾರ ಅಧೀಕ್ಷಕರು

ಪ್ರತಿಗಳು:

1. ಜೀಪಿನ ಚಾಲಕರಿಗೆ: ಸೇತುವೆಯ ಮೇಲೆ ಇನ್ನು ಮುಂದೆ ಕೊಂಚ ದೂರದಲ್ಲೇ ನಿಲ್ಲಿಸತಕ್ಕದ್ದು.
2. ಬಣ್ಣ ಬಳಿಯುವವರಿಗೆ: ಡಬ್ಬಿಯ ವಿಷಯ ಪರಿಶೀಲನೆಯಲ್ಲಿದೆ.
3. ಸೇತುವೆಯ ಕೆಳಗಿನ ಕೊಳವೆಗೆ: ಮಾಹಿತಿಗಾಗಿ ಮಾತ್ರ, ಕ್ರಮಕ್ಕಾಗಿ ಅಲ್ಲ.
4. ನೀರುಕಾಗೆಗಳಿಗೆ: ಬಂಡೆಗೆ ಅಂಟಿಸುವುದು.
5. ಗುಳುಮುಳುಕಕ್ಕೆ: ಎರಡು ಪ್ರತಿ, ಮುಳುಗುವಲ್ಲಿ ಒಂದು, ಏಳುವಲ್ಲಿ ಒಂದು.
6. ಗುಮಾಸ್ತರ ಸೇವಾ ಕಡತಕ್ಕೆ: ದೃಷ್ಟಿ ಉತ್ತಮವಾಗಿದೆಯೆಂದು ನಮೂದಿಸಲು.
7. ಹದಿಮೂರನೆಯ ಸ್ವತ್ತಿಗೆ: ಮಡಿಲಲ್ಲಿ ಇಟ್ಟು ಸದ್ದಿಲ್ಲದೆ ಬರತಕ್ಕದ್ದು. ಹಾಸಿಕೊಂಡು ಕೂರಲು ದಪ್ಪ ಕಾಗದದಲ್ಲಿ ಮುದ್ರಿಸಿದೆ.
8. ಹದಿಮೂರನೆಯ ಸ್ವತ್ತಿನ ತಮ್ಮನಿಗೆ: ಪ್ರತ್ಯೇಕ ಪ್ರತಿ ಇರುವುದಿಲ್ಲ. ಅಕ್ಕನ ಪಕ್ಕದಲ್ಲಿ ನಿಂತು ಓದಿಕೊಳ್ಳತಕ್ಕದ್ದು.