ಹಿಂದವಾಡಿಯ ಸ್ಟೀಲ್ ಬಟ್ಟಲಿಗೆ ಖಾನಾಪುರದವನ ತಕರಾರು

ಹಿಂದವಾಡಿ, ಬೆಳಗಾವಿ
೧೮ ನವೆಂಬರ್ ೧೯೮೧, ಬುಧವಾರ

ಸೌ. ಶುಭದಾಬಾಯಿಯವರ ಅಡುಗೆಮನೆಯ ಕಿಟಕಿಯಲ್ಲಿ ವಿರಾಜಮಾನರಾಗಿರುವ ಸ್ಟೀಲ್ ಬಟ್ಟಲು ಸಾಹೇಬರಿಗೆ,

ಮಾನ್ಯರೇ,

ಪಕ್ಕದ ಮನೆಯ ಬಾಡಿಗೆದಾರನೂ, ಸರಕಾರಿ ಕಚೇರಿಯೊಂದರಲ್ಲಿ ಹದಿನೆಂಟು ವರ್ಷ ಟಪಾಲು ಹರಿದು ಟಪಾಲು ಹಚ್ಚಿದ ಗುಮಾಸ್ತನೂ, ಹುಟ್ಟಾ ಖಾನಾಪುರದವನೂ ಆದ ಉಳವಪ್ಪ ಇಟಗಿಯ ಸಾಷ್ಟಾಂಗ ನಮಸ್ಕಾರಗಳು. ತಾವು ದಿನಾ ಬೆಳಗ್ಗೆ ಮೈ ತೊಳೆಸಿಕೊಂಡು, ಬಿಸಿಲಿಗೆ ಬೆನ್ನು ಕೊಟ್ಟು, ಕಿಟಕಿಯಲ್ಲಿ ಬೋರಲು ಮಲಗಿ ಕ್ಷೇಮವಾಗಿರುವುದನ್ನು ನಮ್ಮ ಕಟ್ಟೆಯಿಂದ ಎಂಟು ದಿನಗಳಿಂದ ನೋಡುತ್ತಿದ್ದೇನೆ. ನಮ್ಮ ಕ್ಷೇಮವನ್ನು ತಾವು ವಿಚಾರಿಸಿಲ್ಲ. ಆದರೂ ಹೇಳುತ್ತೇನೆ, ಕ್ಷೇಮವಿಲ್ಲ. ಬಟ್ಟಲಿಗೆ ಯಾರಾದರೂ ಪತ್ರ ಬರೆಯುತ್ತಾರೆಯೇ ಎಂದು ತಾವು ಕೇಳಬಹುದು. ಮನುಷ್ಯರಿಗೆ ಬರೆದ ಅರ್ಜಿಗಳ ಗತಿ ಏನಾಗುತ್ತದೆಂದು ಹತ್ತಿರದಿಂದ ಕಂಡವನಾದ್ದರಿಂದ ಈ ಸಲ ಪಾತ್ರೆಗಳ ಕಡೆ ತಿರುಗಿದ್ದೇನೆ.

೧೯೭೯ರ ಜೂನ್‌ನಲ್ಲಿ ನನಗೆ ಖಾನಾಪುರದಿಂದ ಬೆಳಗಾವಿಗೆ ವರ್ಗವಾದಾಗ ನಮ್ಮ ಹೆಡ್ ಕ್ಲಾರ್ಕ್ ಸಾತಪ್ಪನವರು 'ನಶೀಬ ತೆರೀತು ಬಿಡ್ರಿ ಇಟಗಿಯವರ, ಇನ್ನ ನೀವು ಸಿಟಿ ಮಂದಿ' ಎಂದು ಬೆನ್ನು ತಟ್ಟಿದ್ದರು. ನಶೀಬದೊಳಗೆ ಏನೇನಿದೆ ನೋಡೋಣವೆಂದು ನಾನು ಹಾಳೆಯೊಂದರ ನಡುವೆ ಗೆರೆ ಎಳೆದು, ಎಡಕ್ಕೆ ಒಳಿತು, ಬಲಕ್ಕೆ ಕೆಡುಕು ಎಂದು ಬರೆಯಲು ಕುಳಿತೆ. ಎಡಭಾಗ ಭರಭರನೆ ತುಂಬಿತು: ನಲ್ಲಿ ಮನೆಯೊಳಗೇ ಇದೆ, ನೀರು ಮಾತ್ರ ತನಗೆ ಮನಸ್ಸು ಬಂದಾಗ ಬರುತ್ತದೆ, ಕಚೇರಿ ಸೈಕಲ್ಲಿಗೆ ಕಾಲು ತಾಸಿನ ದಾರಿ, ಕೂಗಳತೆಯಲ್ಲಿ ಡಾಕ್ಟರು, ಅದಕ್ಕಿಂತ ಹತ್ತಿರ ಟಾಕೀಸು, ಮಳೆಗಾಲದಲ್ಲಿ ಅಂಗಿ ಒಣಗಲು ಖಾನಾಪುರದ ಹಾಗೆ ವಾರ ಕಾಯಬೇಕಿಲ್ಲ, ನಾಲ್ಕು ದಿನ ಸಾಕು. ಬಲಭಾಗದಲ್ಲಿ ಬರೆಯಲು ಸಿಕ್ಕಿದ್ದು ಒಂದೇ ಸಾಲು. ಇಲ್ಲಿ ಯಾರೂ ಏನೂ ಕೇಳುವುದಿಲ್ಲ ಎಂದು ಬರೆದೆ.

ಖಾನಾಪುರದಲ್ಲಿ ನಾನು ಮನೆಯಿಂದ ಬಸ್ ಸ್ಟ್ಯಾಂಡಿಗೆ ಹೋಗುವಷ್ಟರಲ್ಲಿ ಏಳು ಜನ 'ಎಲ್ಲಿಗಿ ಹೊಂಟ್ರಿ?' ಎಂದು ಕನ್ನಡದಲ್ಲಿ ಕೇಳುತ್ತಿದ್ದರು, ಎಂಟನೆಯವರು ಅದನ್ನೇ ಮರಾಠಿಯಲ್ಲಿ ಕೇಳುತ್ತಿದ್ದರು, ಅಷ್ಟೂ ಮಂದಿಗೆ ಉತ್ತರ ಕೊಟ್ಟು ಮುಗಿಸುವಷ್ಟರಲ್ಲಿ ಬಸ್ಸು ಹೋಗಿರುತ್ತಿತ್ತು. ಬಾಜೂ ಮನೆಯ ನಿಂಗವ್ವನಂತೂ ನೆಟ್ಟಗೆ ನಮ್ಮ ಒಲೆಯ ತನಕ ಬಂದು, ಮುಚ್ಚಳ ತೆಗೆದು, ಬೆರಳು ಅದ್ದಿ ನೆಕ್ಕಿ, 'ಉಪ್ಪ ಕಮ್ಮಿ ಆಗೈತಿ' ಎಂದು ತೀರ್ಪು ಕೊಟ್ಟು ಹೋಗುತ್ತಿದ್ದಳು. ಆ ಕಾಟ ತಪ್ಪಿತೆಂದು ನಾನು ಹಿಗ್ಗಿದ್ದು ಮೂರೇ ವಾರ. ಹಿಂದವಾಡಿಯ ಜನ ಬಹಳ ಸಭ್ಯರು, ಬಾಗಿಲು ಮುಚ್ಚಿಕೊಂಡು ಒಳಗೇ ಸಭ್ಯರಾಗಿದ್ದರು. ಒಂದು ಸಂಜೆ ನನ್ನ ಹೆಂಡತಿ ಗೌರವ್ವ ನೀರಿಲ್ಲದ ನಲ್ಲಿಯ ಮುಂದೆ ಕುಳಿತು 'ಇಲ್ಲಿ ನಾ ಸತ್ರೂ ಯಾರೂ ಕೇಳಂಗಿಲ್ರಿ' ಎಂದಳು. ನನಗೆ ಪಿತ್ತ ನೆತ್ತಿಗೇರಿತು. ಮರುದಿನವೇ ನನ್ನನ್ನು ಮರಳಿ ಖಾನಾಪುರಕ್ಕೆ ಕಳಿಸಬೇಕೆಂದು ಸೂಕ್ತ ಮಾರ್ಗದ ಮೂಲಕ ಅರ್ಜಿ ಒಗೆದೆ.

ಅರ್ಜಿ ಒಗೆದು ಒಂದು ದಿನ ಕಳೆದಿಲ್ಲ, ಆಷಾಢ ಏಕಾದಶಿಯಂದು ತಾವು ದಯಮಾಡಿಸಿದಿರಿ. ನಡುವಿನ ಗಿಡ್ಡ ಗೋಡೆಯ ಮೇಲಿಂದ ಹಸಿರು ಬಳೆಯ ಒಂದು ಕೈ ಬಂತು, ಕೈಯ ಮೇಲೆ ತಾವು, ತಮ್ಮೊಳಗೆ ಬಿಸಿಬಿಸಿ ಸಾಬೂದಾಣಿ ಖಿಚಡಿ. 'ಉಪವಾಸದ ಖಿಚಡಿ ಅದ ರೀ, ಚೂರು ರುಚಿ ನೋಡ್ರಿ' ಎಂದವರು ಶುಭದಾಬಾಯಿ. ತಮ್ಮ ಹೊಟ್ಟೆಯ ಮೇಲೆ ಚುಕ್ಕೆ ಚುಕ್ಕೆಯಾಗಿ ಕೊರೆಸಿದ್ದ ಅವರ ಹೆಸರನ್ನೂ ಮದುವೆಯ ತಾರೀಖನ್ನೂ ಗೌರವ್ವ ತಿರುಗಿಸಿ ತಿರುಗಿಸಿ ಓದಿದಳು. ವಿಷಯ ಅಲ್ಲಿಗೇ ಮುಗಿಯಬಹುದಿತ್ತು. ಆದರೆ ಈ ಊರಿನಲ್ಲಿ ಅಂಗಡಿಯ ಬೋರ್ಡು ಯಾವ ಭಾಷೆಯಲ್ಲಿರಬೇಕು ಎಂಬುದರಲ್ಲೂ ಒಮ್ಮತವಿಲ್ಲದ ಕನ್ನಡದವರದೂ ಮರಾಠಿಯವರದೂ ಒಂದು ರೂಢಿಯಲ್ಲಿ ಮಾತ್ರ ಒಂದೇ ಮಾತು: ಕೊಟ್ಟವರ ಪಾತ್ರೆಯನ್ನು ಖಾಲಿ ತಿರುಗಿಸಬಾರದು, ಚಿಟಿಕೆ ಸಕ್ಕರೆಯನ್ನಾದರೂ ಹಾಕಿ ಕೊಡಬೇಕು. ನಮ್ಮ ಗೌರವ್ವ ಚಿಟಿಕೆಗೆ ನಿಲ್ಲುವ ಹೆಂಗಸಲ್ಲ. ಐದು ಶೇಂಗಾ ಹೋಳಿಗೆ ಇಟ್ಟು ಕಳಿಸಿದಳು, ಹೋಳಿಗೆ ತಿಂದವರು ಸುಮ್ಮನೆ ಕೂರುವವರೇ, ನಾಲ್ಕನೇ ದಿನ ತಾವು ಕೆಸುವಿನೆಲೆಯ ಆಳುವಡಿ ಹೊತ್ತುಕೊಂಡು ಹಾಜರ್.

ಅಂದಿನಿಂದ ಎರಡು ವರ್ಷ ನಾಲ್ಕು ತಿಂಗಳು ತಾವು ಮಾಡಿದ ಸೇವೆಯನ್ನು ಎಷ್ಟು ಹೊಗಳಿದರೂ ಕಡಿಮೆ. ಆ ಮನೆಯ ಶ್ರೀಖಂಡ, ಈ ಮನೆಯ ಮಾದಲಿ, ಅಲ್ಲಿಯ ಥಾಲಿಪೀಠ, ಇಲ್ಲಿಯ ಗುರೆಳ್ಳು ಚಟ್ನಿ, ಯಾವುದನ್ನೂ ತಾವು ಮೇಲು ಕೀಳೆಂದು ಎಣಿಸಲಿಲ್ಲ, ರಜೆ ಕೇಳಲಿಲ್ಲ, ಭತ್ಯೆ ಕೇಳಲಿಲ್ಲ. ಆದರೆ ಮಾನ್ಯರೇ, ತಾವು ಬಂದ ಮೇಲೆ ಈ ಮನೆಯಲ್ಲಿ ಗಂಡನ ಸ್ಥಾನ ಏನಾಯಿತು ಎಂಬುದನ್ನೂ ಯೋಚಿಸಬೇಕು. ಕಡಾಯಿಯಿಂದ ಮೊದಲ ಕರಿಗಡಬು ಎದ್ದಾಗ ನಾನು ತಾಟು ಹಿಡಿದು ನಿಂತರೆ 'ತಡೀರಿ, ಮೊದಲ ಬಟ್ಟಲಕ್ಕ ತಗೀತೀನಿ' ಎಂಬ ಉತ್ತರ. ಚಲೋ ಬೆಂದದ್ದು ತಮಗೆ, ಒಡೆದದ್ದು ನನಗೆ. ಹದಿನೆಂಟು ವರ್ಷದ ನೌಕರಿಯಲ್ಲಿ ಇಷ್ಟು ಬೇಗ ನನ್ನ ತಲೆಯ ಮೇಲೆ ಹಾದು ಬಡ್ತಿ ಪಡೆದವರನ್ನು ನಾನು ಕಂಡಿಲ್ಲ.

ಹೀಗಿರುವಾಗ ಈ ತಿಂಗಳ ಆರನೆಯ ತಾರೀಖು, ನಾನು ಮರೆತೇ ಬಿಟ್ಟಿದ್ದ ಆ ಅರ್ಜಿ ಮಂಜೂರಾಗಿ ಬಂತು. ಹದಿನೈದು ದಿನದೊಳಗೆ, ಅಂದರೆ ಬರುವ ಶನಿವಾರದೊಳಗೆ, ಖಾನಾಪುರದಲ್ಲಿ ಹಾಜರಾಗಬೇಕಂತೆ. ತಾವು ವಾರಕ್ಕೆ ಮೂರು ಸಲ ಗೋಡೆ ದಾಟುತ್ತೀರಿ. ಒಂದು ಹಾಳೆ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗಲು ಎರಡು ವರ್ಷ ತೆಗೆದುಕೊಂಡಿತು. ಗೌರವ್ವ ಕುಣಿದಾಡುತ್ತಾಳೆಂದುಕೊಂಡಿದ್ದೆ. ಅವಳು ಆದೇಶವನ್ನು ಓದಿ, 'ಬಟ್ಟಲ ನಮ್ಮ ಕಡೆ ಐತ್ರಿ. ತುಂಬಿ ಕೊಡದ ಊರ ಬಿಡಾಕ ಬರಂಗಿಲ್ಲ' ಎಂದಳು. ಶನಿವಾರ ತುಂಬಿ ಕೊಟ್ಟಳು, ಭಾನುವಾರ ತಾವು ತುಂಬಿಕೊಂಡೇ ವಾಪಸು ಬಂದಿರಿ. ಹೀಗಾದರೆ ನಾನು ಬೆಳಗಾವಿಯಲ್ಲೇ ನಿವೃತ್ತನಾಗಿ ಇಲ್ಲೇ ಮಣ್ಣಾಗಬೇಕು ಎಂದು ಲೆಕ್ಕ ಹಾಕಿ, ನಾನೊಬ್ಬ ದೊಡ್ಡ ಶಾಣ್ಯಾ ಎಂದುಕೊಂಡು, ಮಂಗಳವಾರ ಗೌರವ್ವ ಅನಗೋಳದಲ್ಲಿ ದೂರದ ನೆಂಟಳು ಕಾಶವ್ವನ ಬಸುರಿ ಮಗಳ ಕುಬಸಕ್ಕೆ ಹೋದ ಹೊತ್ತು ಸಾಧಿಸಿ, ತಮ್ಮನ್ನು ತೊಳೆದು, ಧೋತರದ ಚುಂಗಿನಿಂದ ಒರೆಸಿ, ಶುಭದಾಬಾಯಿಯವರ ಕಿಟಕಿಯಲ್ಲಿಟ್ಟು ಬಂದೆ. ಖಾಲಿ. ಸಕ್ಕರೆ ಡಬ್ಬಿ ಕೈಗೆಟಕುವಲ್ಲೇ ಇತ್ತು ಎಂಬುದನ್ನು ಮುಚ್ಚಿಡುವುದಿಲ್ಲ.

ಸಂಜೆ ಮನೆಗೆ ಬಂದ ಗೌರವ್ವ 'ಬಟ್ಟಲದಾಗ ಏನ ಹಾಕಿ ಕೊಟ್ರಿ?' ಎಂದು ಕೇಳಿದಳು. ಏನೂ ಇಲ್ಲ ಎಂದೆ. ಉಟ್ಟ ಇಳಕಲ್ ಸೀರೆಯಲ್ಲೇ ಗೋಡೆಯ ಹತ್ತಿರ ಓಡಿದಳು. ಅಷ್ಟರಲ್ಲಿ ಹಾಲಿನವನ ಬಾಯಿಂದ ನಮ್ಮ ವರ್ಗದ ಸುದ್ದಿ ಆಚೆ ತಲುಪಿತ್ತು. 'ಊರಿಗೆ ಹೊಂಟೀರಂತ. ನನಗ ಒಂದ ಮಾತು ಹೇಳಬಾರದೇನ್ರಿ? ಇರಲಿ ಬಿಡ್ರಿ, ಬಟ್ಟಲ ಮುಟ್ಟಿತು' ಎಂದು ಶುಭದಾಬಾಯಿ ಕಿಟಕಿ ಹಾಕಿಕೊಂಡರು. ಗೌರವ್ವ ಒಳಗೆ ಬಂದು ಕುಳಿತು ಅತ್ತಳು. 'ಹೇಳಿದ್ರ ಹೋಗೋದು ಖರೇ ಆಕ್ಕೈತಂತ ಹೇಳಿರ್ಲಿಲ್ಲರಿ. ನನಗ ಹೋಗೋ ಮನಸ್ಸಿಲ್ಲ. ಈ ಊರಾಗ ನನ್ನ ಕೇಳಾಕಿ ಒಬ್ಬಾಕಿ ಇದ್ಲು, ಆಕಿನ್ನೂ ನೀವು ಕಳದ್ರಿ' ಎಂದಳು. ಯಾರ ಸಲುವಾಗಿ ಖಾನಾಪುರಕ್ಕೆಂದು ಅರ್ಜಿ ಒಗೆದಿದ್ದೆನೋ ಅವಳಿಗೇ ಅದು ಬೇಡವಾಗಿತ್ತು, ಮತ್ತು ಅದನ್ನು ಕೇಳುವ ಬುದ್ಧಿ ನನಗೆ ಒಂದು ದಿನವೂ ಬಂದಿರಲಿಲ್ಲ. ಇಲ್ಲಿ ಯಾರೂ ಏನೂ ಕೇಳುವುದಿಲ್ಲ ಎಂದು ಹಾಳೆಯ ಮೇಲೆ ಬರೆದವನು ನಾನೇ.

ಎಂಟು ದಿನವಾಯಿತು. ಈಗ ನಮ್ಮ ಮನೆಯಲ್ಲಿ ಮೊದಲ ರೊಟ್ಟಿಯೂ ನನಗೇ, ಕಡೆಯ ರೊಟ್ಟಿಯೂ ನನಗೇ. ಎರಡನ್ನೂ ತಾಟಿನಲ್ಲೇ ಬಿಟ್ಟು ಏಳುತ್ತಿದ್ದೇನೆ. ಎದುರು ನಿಂತು ತಪ್ಪಾಯಿತು ಎನ್ನಲು ನನಗೆ ನಾಲಿಗೆ ಹೊರಳುವುದಿಲ್ಲ, ಗುಮಾಸ್ತನ ನಾಲಿಗೆ ಇರುವುದು ಲೇಖಣಿಯ ಟಾಕಿನಲ್ಲಿ. ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ, ಕಾಲು ಮೂಡಿಸಿಕೊಂಡಾದರೂ ಸರಿ, ಶನಿವಾರದೊಳಗೆ ಗೋಡೆ ಹತ್ತಿ ಇಳಿದು ಬರಬೇಕು. ಬರುವಾಗ ಆ ಮಂಗಳವಾರವೊಂದನ್ನು ಕ್ಯಾಲೆಂಡರಿನಿಂದ ಕಿತ್ತು ತರಬೇಕು. ಅದು ಆಗದಿದ್ದರೆ ಖಾಲಿ ಕೊಟ್ಟದ್ದು ಗೌರವ್ವನಲ್ಲ, ಅವಳ ಹೆಡ್ಡ ಗಂಡ ಎಂದು ಶುಭದಾಬಾಯಿಯವರಿಗೆ ಮರಾಠಿಯಲ್ಲಿ ತಿಳಿಸಿ ಹೇಳಬೇಕು. ತಮ್ಮೊಳಗೆ ಏನಿದ್ದರೂ ನಡೆಯುತ್ತದೆ. ಒಂದು ಹರಳು ಉಪ್ಪಾದರೂ ಸಾಕು.

ಇಂತಿ, ತಪ್ಪೊಪ್ಪಿಗೆಯ ಕೆಳಗೆ ರುಜು ಹಾಕಿ ನಿಂತ
ತಮ್ಮ ವಿಶ್ವಾಸಿ
ಉಳವಪ್ಪ ಈ. ಇಟಗಿ

ತಾ.ಕ.: ಶಾಯಿ ಆರಲೆಂದು ಈ ಪತ್ರವನ್ನು ಗೋಡೆಯ ಮೇಲೆ ಕಲ್ಲು ಹೇರಿಟ್ಟು, ಚಹಾ ಕುಡಿದು ಹೊರಗೆ ಬಂದರೆ ಕಲ್ಲಿನ ಜಾಗದಲ್ಲಿ, ಯಾರೋ ಓದಿ ಮಡಚಿಟ್ಟ ಪತ್ರದ ಮೇಲೆ, ತಾವು ಕುಳಿತಿದ್ದೀರಿ. ಒಳಗೆ ಕಂಠಮಟ್ಟ ಹಾಗಲಕಾಯಿ ಪಲ್ಯ, ಹೆಸರಿಗೂ ಬೆಲ್ಲವಿಲ್ಲ. ಆಚೆಯ ಕಿಟಕಿ ತೆರೆದಿದೆ, ಈಚೆ ಗೌರವ್ವ ಎಂಟು ದಿನದ ಮೇಲೆ ನಗುತ್ತ, 'ಮಾಡಿದ್ದುಣ್ಣೋ ಮಾರಾಯ ಅಂತಾರಲ್ಲ, ಉಣ್ರಿ, ಈ ಸಲ ಪೂರಾ ಬಟ್ಟಲ ನಿಮಗ' ಎಂದು ನನ್ನೆದುರು ಕುಳಿತಿದ್ದಾಳೆ. ಮೂರು ತುತ್ತಿಗೇ ಕಣ್ಣಲ್ಲಿ ನೀರು ಬಂದಿದೆ, ಅದು ಕಹಿಗೆ ಎಂದೇ ದಾಖಲಿಸಿಕೊಳ್ಳಬೇಕು. ಉಳಿದದ್ದನ್ನು ತಿನ್ನುವ ನಡುನಡುವೆ ವರ್ಗಾವಣೆ ರದ್ದು ಮಾಡಬೇಕೆಂದು ಕಚೇರಿಗೆ ಹೊಸ ಅರ್ಜಿ ಬರೆದಿದ್ದೇನೆ. ಕಾರಣ ಎಂಬಲ್ಲಿ 'ಬಟ್ಟಲು ನಮ್ಮ ಕಡೆ ಇದೆ' ಎಂದು ನಮೂದಿಸಿದ್ದೇನೆ.