ಗೋಪ್ಯತೆಯ ಬಗ್ಗೆ ಮೈಕಿನಲ್ಲಿ ಎರಡು ಮಾತು

ಗುಟ್ಟು ಕಾಪಾಡುವುದರಲ್ಲಿ ನನ್ನನ್ನು ಮೀರಿಸುವವರು ಇಡೀ ಚಿಕ್ಕೋಡಿಯಲ್ಲೇ ಇಲ್ಲ ಎಂದು ನಾನು ಬಹಳ ದಿನ ನಂಬಿದ್ದೆ. ನಂಬುವುದಕ್ಕೆ ಕಾರಣವೂ ಇತ್ತು. ನೌಕರಿಯ ಉದ್ದಕ್ಕೂ ದಫ್ತರು ಕೋಣೆಯಲ್ಲಿ ಕುಳಿತವನು ನಾನು. ನಾನು ಎತ್ತಿಟ್ಟ ಕಾಗದ ಬೇರೆಯವರಿಗಿರಲಿ, ನನಗೇ ಮತ್ತೆ ಸಿಗುತ್ತಿರಲಿಲ್ಲ! ಇಂಥ ಅನುಭವಸ್ಥನನ್ನು ನಮ್ಮ ಸಮಾಜದ ಸಂಘ ಸುಮ್ಮನೆ ಬಿಟ್ಟೀತೆ?

ಸಂಘದಲ್ಲಿ ವಧು-ವರರ ವಿಭಾಗವೊಂದಿದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಎಲ್ಲ ಕಡೆಯವರೂ ಬಂದು ಮಕ್ಕಳ ಫೋಟೊ, ವಿದ್ಯಾಭ್ಯಾಸ, ಫೋನ್ ನಂಬರು ಕೊಟ್ಟು ಹೋಗುತ್ತಾರೆ. ಅವನ್ನೆಲ್ಲ ಕಚೇರಿಯ ಹೊರಗಿನ ಫಲಕಕ್ಕೆ ಅಂಟಿಸುವುದು ನಮ್ಮ ಪದ್ಧತಿ. ಹೋಗುವವರು ಬರುವವರು ಓದಲಿ, ಬೇಗ ಕಂಕಣ ಕೂಡಲಿ ಎಂಬ ಸದುದ್ದೇಶ. ಯಾರೋ ಪುಣ್ಯಾತ್ಮರು ಆ ನಂಬರುಗಳನ್ನು ಬರೆದುಕೊಂಡು ಹೋಗಿ ಹುಡುಗಿಯರಿಗೆ ಹೊತ್ತಲ್ಲದ ಹೊತ್ತಿನಲ್ಲಿ ಫೋನ್ ಮಾಡತೊಡಗಿದರು. ಒಬ್ಬ ತಂದೆ ಬಂದು ಮೇಜು ಗುದ್ದಿ ಹೋದ. ಅಧ್ಯಕ್ಷ ಅಪ್ಪಾಸಾಹೇಬರು ಗಾಬರಿಬಿದ್ದು ಹೊಸ ಹುದ್ದೆಯನ್ನೇ ಸೃಷ್ಟಿಸಿದರು: ಸದಸ್ಯರ ವೈಯಕ್ತಿಕ ಮಾಹಿತಿ ಸಂರಕ್ಷಣಾ ಸಂಚಾಲಕ. ಹೆಸರು ಹೇಳಿ ಮುಗಿಸಲು ಉಸಿರು ಸಾಲುತ್ತಿರಲಿಲ್ಲ. ನಾನು ಕೂಡಲೇ ಒಪ್ಪಿಕೊಂಡೆ.

ಮೊದಲ ದಿನವೇ ಫಲಕ ಕೀಳಿಸಿದೆ. ಕಾಗದಗಳನ್ನೆಲ್ಲ ಕಪಾಟಿನಲ್ಲಿಟ್ಟು ಬೀಗ ಜಡಿದು, ಬೀಗದ ಕೈಯನ್ನು ನನ್ನ ಉಡದಾರಕ್ಕೆ ಕಟ್ಟಿಕೊಂಡೆ. ಪ್ರತಿ ಸಲ ಕಪಾಟು ತೆಗೆಯುವಾಗ ಕಚೇರಿಯಲ್ಲಿದ್ದ ಹೆಂಗಸರು ಮುಖ ಆ ಕಡೆ ತಿರುಗಿಸಿಕೊಳ್ಳಬೇಕಾಗುತ್ತಿತ್ತು. ಗೋಪ್ಯತೆ ಎಂದರೆ ಅಷ್ಟೂ ಆಗದಿದ್ದರೆ ಹೇಗೆ!

ಹೀಗಿರುವಾಗ ಸುಮಿತ್ರಾಬಾಯಿ ಬಂದರು. ನಿಪ್ಪಾಣಿಯ ತಂಬಾಕಿನ ವಖಾರಿಯೊಂದರಲ್ಲಿ, ಅಂದರೆ ಗೋದಾಮಿನಲ್ಲಿ, ಲೆಕ್ಕ ಬರೆಯುವ ಹೆಣ್ಣುಮಗಳು. ಮಗಳು ಶಾಲೆಗೆ ಹೋಗುವ ವಯಸ್ಸಿನಲ್ಲೇ ಗಂಡ ತೀರಿಕೊಂಡಿದ್ದ. ಮಗಳನ್ನು ಒಬ್ಬರೇ ಬೆಳೆಸಿ, ಓದಿಸಿ, ಅಥಣಿ ಕಡೆಯ ಅನಂತಪುರಕ್ಕೆ ಕೊಟ್ಟಿದ್ದರು. ಯಾವುದೋ ಸಂಬಂಧಿಕರ ಹುಡುಗಿಯ ಸಲುವಾಗಿ ಬಂದಿರಬೇಕು ಎಂದುಕೊಂಡೆ.

"ಅಣ್ಣಾರ, ನನ್ನ ಹೆಸರು ತಗೋರಿ. ನಗಬ್ಯಾಡ್ರಿ ಮತ್ತ."

ನಾನು ನಗಲಿಲ್ಲ. ಕಾಗವಾಡ ಕಡೆಯ ನಿವೃತ್ತ ಮಾಸ್ತರರೊಬ್ಬರು, ಅವರೂ ಒಂಟಿ, ಹಿಂದಿನ ವಾರವಷ್ಟೇ ವಿಚಾರಿಸಿ ಹೋಗಿದ್ದರು. ಇಬ್ಬರಿಗೂ ಮನಸ್ಸು ಬಂದರೆ ಎಷ್ಟು ಚೆಂದ ಎಂದು ನನಗೇ ಹಿಗ್ಗಾಯಿತು.

"ಮಗಳಿಗೆ ಗೊತ್ತೈತೇನ್ರಿ?" ಎಂದೆ.

"ಇಲ್ರಿ. ಆಕಿಗಿ ನಾನ ಹೇಳಬೇಕು. ಯುಗಾದಿಗೆ ಹೋಗತೇನಿ. ಆಕಿ ತಲಿಗಿ ಎಣ್ಣಿ ಹಚ್ಚಕೋತ ಸಾವಕಾಶ ಹೇಳತೇನಿ. ಅಲ್ಲೀತನಕ ಯಾರ ಬಾಯಿಂದನೂ ಆಕಿ ಕಿವಿಗಿ ಬೀಳಬಾರದ್ರಿ. ಅದೊಂದ ನೋಡ್ಕೋರಿ."

"ಈ ಬಾಯಿಗೂ ಬೀಗಾ ಹಾಕೇನಿ ಅಂತ ತಿಳಕೋರಿ!" ಎಂದು ಉಡದಾರ ಮುಟ್ಟಿ ತೋರಿಸಿದೆ.

ಅವತ್ತು ಮನೆಗೆ ಹೋದರೆ ಹೆಂಡತಿ ಶಾಂತಾ ರೊಟ್ಟಿ ಬಡಿಯುತ್ತ ಕೇಳಿದಳು:

"ಯಾರ ಬಂದಿದ್ರರಿ ಸಂಘಕ್ಕ?"

"ಅದು ಗೋಪ್ಯ."

"ರಾಯಬಾಗದವರೇನ?"

"ಅಲ್ಲ."

"ಅಥಣಿಯವರು?"

"ಅಲ್ಲ."

"ನಿಪ್ಪಾಣಿಯವರು?"

"ಹೇಳಾಂಗಿಲ್ಲ!"

"ತಿಳೀತ ಬಿಡ್ರಿ," ಎಂದು ರೊಟ್ಟಿ ಮಗುಚಿ ಹಾಕಿದಳು. ಸುಮ್ಮನೆ ನನ್ನ ಬಾಯಿ ಬಿಡಿಸಲು ಆಡುತ್ತಿದ್ದಾಳೆ ಎಂದುಕೊಂಡು ಒಳಗೊಳಗೇ ನಕ್ಕೆ. ಆ ನಗುವನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ನಮ್ಮ ಕಡೆಯ ಜನರ ರೀತಿ ನಿಮಗೆ ಗೊತ್ತಿರಬಹುದು. ಇಲ್ಲಿ ಹೆಸರಿಗೆ ಬೆಲೆಯಿಲ್ಲ. ಹೆಸರು ಹೇಳಿದರೆ ಯಾರೂ ತೃಪ್ತರಾಗುವುದಿಲ್ಲ. ಊರು ಯಾವುದು, ತವರು ಯಾವುದು, ಬೀಗರು ಯಾರು ಎಂದು ಕೇಳುತ್ತ ಹೋಗಿ, ಕೊನೆಗೆ "ಹಂಗಾರ ನೀವು ನಮಗ ಬೇಕಾದವರ ಆದ್ರಿ!" ಎನ್ನುವತನಕ ಚಹ ಕೂಡ ಕುಡಿಯಗೊಡುವುದಿಲ್ಲ. ಇಂಥ ಜನರ ನಡುವೆ ಹುಟ್ಟಿ ಬೆಳೆದ ನಾನು, ಹೆಸರೊಂದನ್ನು ಮುಚ್ಚಿಟ್ಟರೆ ಎಲ್ಲ ಮುಚ್ಚಿದಂತೆ ಎಂದು ತಿಳಿದಿದ್ದೆ!

ನನ್ನ ಕಾರ್ಯದಕ್ಷತೆ ಮೆಚ್ಚಿ ಅಪ್ಪಾಸಾಹೇಬರು, ಊರೂರಿಗೆ ಹೋಗಿ ಗೋಪ್ಯತೆಯ ಬಗ್ಗೆ ಎರಡು ಮಾತು ಹೇಳಿ ಬನ್ನಿ ಎಂದರು. ಮೊದಲ ಸಭೆಯೇ ಅನಂತಪುರದಲ್ಲಿ. ಅದು ಸುಮಿತ್ರಾಬಾಯಿಯ ಮಗಳ ಊರೆಂಬುದು ನೆನಪಿತ್ತು. ಆದರೆ ಹೆಸರನ್ನೇ ಎತ್ತದವನಿಗೆ ಯಾವ ಊರಾದರೇನು?

ಸಭೆ ತುಂಬಿತ್ತು. ಕಬ್ಬಿನ ಹೊಲದಲ್ಲಿದ್ದವರಿಗೂ ಕೇಳಲಿ ಎಂದು ಭವನದ ಮಾಳಿಗೆಯ ಮೇಲೆ ಧ್ವನಿವರ್ಧಕದ ದೊಡ್ಡ ಕಹಳೆ ಕಟ್ಟಿದ್ದರು. ನಾನು ಗಂಟಲು ಸರಿಮಾಡಿಕೊಂಡು ಶುರು ಮಾಡಿದೆ.

"ಮಾನ್ಯರೇ, ಉದಾಹರಣೆಗೆ, ಒಬ್ಬ ತಾಯಿ ಎರಡನೆಯ ಮದುವೆಗಾಗಿ ನಮ್ಮ ಬಳಿ ಬಂದಿದ್ದಾಳೆ ಎಂದು ತಿಳಿಯಿರಿ. ಆಕೆಯ ಹೆಸರು ಹೇಳುವುದಿಲ್ಲ. ನನ್ನನ್ನು ಕಡಿದು ಹಾಕಿದರೂ ಹೇಳುವುದಿಲ್ಲ!"

ಚಪ್ಪಾಳೆ ಬಿತ್ತು. ಮುಂದಿನ ಸಾಲಿನಲ್ಲಿ ಎಲೆ ಅಡಿಕೆಯ ಚಂಚಿ ಬಿಚ್ಚಿಕೊಂಡು ಕುಳಿತಿದ್ದ ಗಂಗವ್ವ ಎಂಬ ಮುದುಕಿ ಮಾತ್ರ ಚಪ್ಪಾಳೆ ತಟ್ಟಲಿಲ್ಲ.

"ರಾಯಬಾಗದಾಕೇನ್ರಿ?" ಎಂದಳು.

"ಅಲ್ಲ ಬೇ ಯವ್ವಾ."

"ನಿಪ್ಪಾಣಿಯಾಕಿ?"

"ಹೇಳಾಂಗಿಲ್ಲ!" ಎಂದು ಗುಡುಗಿದೆ. ಮತ್ತೆ ಚಪ್ಪಾಳೆ.

"ಬೀಡಿ ಕಟ್ಟಾಕೇನು?"

"ಅಲ್ಲ."

"ವಖಾರಿದಾಗ ಲೆಕ್ಕಾ ಬರಿಯಾಕಿ?"

"ಹೇಳಾಂಗಿಲ್ಲ!"

"ಗಂಡಮಗಾ ಅದಾನ?"

"ಇಲ್ಲ."

"ಒಬ್ಬಾಕಿ ಮಗಳು?"

"ಹೇಳಾಂಗಿಲ್ಲ ಅಂದ್ರ ಹೇಳಾಂಗಿಲ್ಲ!"

"ಆ ಮಗಳನ್ನ ನಮ್ಮೂರಿಗೆ ಕೊಟ್ಟಾರೇನ್ರಿ?"

ಆಗ ನನಗೆ ಒಂದು ಸಂಗತಿ ಹೊಳೆಯಿತು. ತಪ್ಪು ಪ್ರಶ್ನೆಗಳಿಗೆಲ್ಲ ನಾನು ಪ್ರಾಮಾಣಿಕವಾಗಿ ಇಲ್ಲವೆಂದಿದ್ದೆ. ಸರಿಯಾದ ಪ್ರಶ್ನೆಗಳಿಗೆ ಮಾತ್ರ ಹೇಳುವುದಿಲ್ಲ ಎಂದಿದ್ದೆ! ಶಾಂತಾಳ ರೊಟ್ಟಿ ಕಣ್ಣ ಮುಂದೆ ಮಗುಚಿ ಬಿತ್ತು. ಹೇಗಾದರೂ ಸರಿಪಡಿಸಬೇಕು ಎಂಬ ಅವಸರದಲ್ಲಿ ಮೈಕನ್ನು ಎರಡೂ ಕೈಯಲ್ಲಿ ಹಿಡಿದು ಕೂಗಿದೆ:

"ಸುಮಿತ್ರಾಬಾಯಾರಿಗೂ ಇದಕ್ಕೂ ಏನೇನೂ ಸಂಬಂಧ ಇಲ್ಲ!"

ಆ ಕ್ಷಣದವರೆಗೆ ಆ ಹೆಸರನ್ನು ಯಾರೂ ಎತ್ತಿರಲಿಲ್ಲ.

ಗಂಗವ್ವ ಎಲೆ ಅಗಿಯುವುದನ್ನು ನಿಲ್ಲಿಸಿದಳು. "ಅಂದ್ರ ನಮ್ಮ ಬೀಗತಿ!" ಎಂದಳು. ಸುಮಿತ್ರಾಬಾಯಿಯ ಮಗಳನ್ನು ತಂದುಕೊಂಡ ಅತ್ತೆ ಅವಳೇ! ಅವಳ ಮಾತೂ ನನ್ನ ಮೈಕಿಗೆ ಸಿಕ್ಕು, ಕಹಳೆಯಿಂದ ಹೊರಟು, ಕಬ್ಬಿನ ಹೊಲಗಳನ್ನೆಲ್ಲ ಸುತ್ತಿ ಬಂತು. ಕಿಟಕಿಯಾಚೆ, ಎದುರಿನ ಮಾಳಿಗೆಯ ಮೇಲೆ ಸಂಡಿಗೆ ಒಣಹಾಕುತ್ತಿದ್ದ ತರುಣಿಯೊಬ್ಬಳು ಎದ್ದು ನಿಂತಳು. ಭವನದ ಕಡೆ ನೋಡಿದಳು. ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ಯಾರೆಂದು ನನಗೆ ಯಾರೂ ಹೇಳಬೇಕಾಗಲಿಲ್ಲ. ಭೂಮಿ ಬಾಯಿ ಬಿಡಬಾರದೇ ಎನಿಸಿತು.

ನಾನು ಚಿಕ್ಕೋಡಿ ಮುಟ್ಟುವ ಮೊದಲೇ ಫೋನ್ ಬಂತು. ಬೈಯುತ್ತಾರೆಂದು ಕಾದೆ. ಸುಮಿತ್ರಾಬಾಯಿ ಬೈಯಲಿಲ್ಲ.

"ಮಗಳು ಬ್ಯಾಡ ಅಂದಿಲ್ರಿ ಅಣ್ಣಾರ. ಅವ್ವಾ, ಊರ ಮಂದಿಗೆಲ್ಲಾ ಹೇಳಿ ನನಗ ಮಾತ್ರ ಯಾಕ ಹೇಳಲಿಲ್ಲಬೇ ಅಂತ ಅಳಾಕತ್ತಾಳ. ನಾ ಆಕಿಗಿ ಏನ ಹೇಳ್ಲಿ?"

ಸೀದಾ ಮನೆಗೆ ಬಂದೆ. ಊಟ ಸೇರಲಿಲ್ಲ. ಎಲ್ಲವನ್ನೂ ಶಾಂತಾಳ ಮುಂದೆ ಹೇಳಿಕೊಂಡು ಕುಳಿತೆ. ತಲೆಗೆ ಎಣ್ಣೆ ಹಚ್ಚುತ್ತ ಹೇಳಬೇಕೆಂದಿದ್ದ ಮಾತನ್ನು ನಾನು ಕಹಳೆಯಲ್ಲಿ ಊದಿದ್ದೆ. ಇದಕ್ಕಿಂತ ಆ ಹಳೆಯ ಫಲಕವೇ ವಾಸಿಯಿತ್ತು. ಓದು ಬಾರದವರಿಗಾದರೂ ತಿಳಿಯುತ್ತಿರಲಿಲ್ಲ!

ಎದುರು ನಿಂತು ಕ್ಷಮೆ ಕೇಳಬೇಕೆಂದು, ಇಸ್ತ್ರಿ ಮಾಡಿದ ಧೋತರ ಉಟ್ಟು, ಪೇಢೆಯ ಪೊಟ್ಟಣ ಹಿಡಿದು ನಿಪ್ಪಾಣಿಗೆ ಹೋದೆ. ಈ ಸಲ ಪೂರ್ತಿ ಎಚ್ಚರ. ವಖಾರಿಯ ಬಾಗಿಲಲ್ಲಿ ತಂಬಾಕು ಹಸನು ಮಾಡುತ್ತಿದ್ದ ಹೆಂಗಸರು ಕೇಳಿದರು:

"ಯಾರ ಬೇಕಾಗಿತ್ರಿ?"

"ಹೇಳಾಂಗಿಲ್ಲ."

"ಏನ ಕೆಲಸಿತ್ರಿ?"

"ಹೇಳಾಂಗಿಲ್ಲ."

ಅವರು ನನ್ನ ಧೋತರ ನೋಡಿದರು. ಪೇಢೆ ನೋಡಿದರು. ಒಬ್ಬಾಕೆ ಒಳಗೆ ತಿರುಗಿ ಮರಾಠಿಯಲ್ಲಿ ಕೂಗಿದಳು: "ಸುಮಿತ್ರಾತಾಯಿ, ನವರದೇವ ಆಲೇ!" ಮದುಮಗ ಬಂದನಂತೆ! ಮದುಮಗ ನಾನಂತೆ! ಸುಮಿತ್ರಾಬಾಯಿ ಹೊರಗೆ ಬರುವಷ್ಟರಲ್ಲಿ ಪೇಢೆಯ ಪೊಟ್ಟಣ ನನ್ನ ಕೈಯಲ್ಲಿರಲಿಲ್ಲ. ನಿಶ್ಚಯದ ಸಿಹಿಯೆಂದು ವಖಾರಿ ತುಂಬ ಹಂಚಿ ಮುಗಿಸಿದ್ದರು.

ಅವರು ನನ್ನನ್ನು ಬಾಗಿಲಾಚೆ ಕರೆದುಕೊಂಡು ಬಂದು ಕೈ ಮುಗಿದರು. "ಅಣ್ಣಾರ, ನೀವು ಒಳ್ಳೆಯವರ ಅದೀರಿ. ಇನ್ನ ಬರಬ್ಯಾಡ್ರಿ. ನೀವು ಬಂದಷ್ಟೂ ಹೆಚ್ಚ ಆಗತೈತಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಸಂಘದವರು ನನ್ನನ್ನು ಸಗೌರವವಾಗಿ ಹುದ್ದೆಯಿಂದ ಬಿಡುಗಡೆ ಮಾಡಿದರು. ಅಪ್ಪಾಸಾಹೇಬರು ಬೀಗದ ಕೈಯನ್ನು ಉಡದಾರದ ಸಮೇತ ಇಸಿದುಕೊಂಡರು. ಅಂದಿನಿಂದ ನಾನು ಯಾವ ಕಟ್ಟೆಗೆ ಹೋದರೂ ಮಾತು ನಿಂತು, ಮಳೆ ಬೆಳೆಯ ವಿಚಾರ ಶುರುವಾಗುತ್ತಿತ್ತು. ತಾಯಿ ಮಗಳು ಮಾತಾಡಿದರೋ ಇಲ್ಲವೋ, ಮಾಸ್ತರರು ಏನಾದರೋ, ಯಾರನ್ನು ಕೇಳಿದರೂ ಉತ್ತರವಿಲ್ಲ. ಒಂದು ಮನೆ ಮುರಿದೆನೇನೋ ಎಂಬ ಕೊರಗು ನನ್ನನ್ನು ತಿನ್ನುತ್ತಿತ್ತು.

ಯುಗಾದಿ ಕಳೆದ ಮೇಲೆ ಒಂದು ದಿನ ಶಾಂತಾ ಇಳಕಲ್ ಸೀರೆ ಉಟ್ಟು, ಓಣಿಯ ಹೆಂಗಸರ ಜೊತೆ ಯಡೂರಿನ ಗುಡಿಗೆ ಹೋಗಿ ಬರುತ್ತೇನೆಂದು ಹೋದಳು. ಸಂಜೆ ಬಂದಾಗ ಅವಳ ತಲೆಗೂದಲಲ್ಲಿ ಅಕ್ಷತೆ ಕಾಳು ಸಿಕ್ಕಿಕೊಂಡಿದ್ದವು.

"ಬರೇ ದೇವರಿಗೆ ಹೋಗಿದ್ದೇನ?" ಎಂದೆ.

"ಅಲ್ರಿ."

"ಮದವಿ ಇತ್ತೇನ?"

"ಹೇಳಾಂಗಿಲ್ರಿ."

ನಾನು ಎದ್ದು ಕುಳಿತೆ. "ರಾಯಬಾಗದವರದೇನ?"

"ಅಲ್ರಿ."

"ನಿಪ್ಪಾಣಿಯವರದ?"

"ಹೇಳಾಂಗಿಲ್ರಿ."

ಅವಳ ಹತ್ತಿರ ಹೋದೆ. "ಮಗಳು... ಮಗಳು ಬಂದಿದ್ಲೇನ ಶಾಂತಾ?"

"ಹೇಳಾಂಗಿಲ್ರಿ," ಎಂದು ನಗುತ್ತ ಒಳಗೆ ಹೋದಳು. ಅಡುಗೆಮನೆಯಿಂದ ಅವಳ ದನಿ ಬಂತು: "ಮದುಮಗಳ ತಲಿಗಿ ಎಣ್ಣಿ ಯಾರ ಹಚ್ಚಿದ್ರು ಅನ್ನೂದನ್ನೂ ಹೇಳಾಂಗಿಲ್ರಿ!"

ಕಣ್ಣಲ್ಲಿ ನೀರು ಬಂತು. ಎಷ್ಟೋ ದಿನದ ಮೇಲೆ ಎದೆ ಹಗುರಾಯಿತು. ಇಂಥ ಸುದ್ದಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಕೂರುವುದು ಹೇಗೆ? ಯಾರಿಗಾದರೂ ಹೇಳಲೇಬೇಕೆಂದು ಚಪ್ಪಲಿ ಮೆಟ್ಟಿ ಬಾಗಿಲತನಕ ಓಡಿದೆ. ಅಲ್ಲೇ ನಿಂತುಬಿಟ್ಟೆ. ಓಣಿಯವರೆಲ್ಲ ಮದುವೆಗೆ ಹೋಗಿ ಬಂದಿದ್ದರು. ಅಪ್ಪಾಸಾಹೇಬರ ಜೀಪಿನಿಂದ ಹೂವಿನ ಮಾಲೆ ಇಳಿಯುತ್ತಿತ್ತು. ಕೊನೆಗೂ ನಮ್ಮ ಸಂಘ ಒಂದು ಗುಟ್ಟನ್ನು ಭದ್ರವಾಗಿ ಕಾಪಾಡಿತ್ತು. ಎಲ್ಲರಿಗೂ ಗೊತ್ತಿತ್ತು, ನನ್ನೊಬ್ಬನನ್ನು ಬಿಟ್ಟು!