ಹೋಗುವಾಗ ಕಸ ಗುಡಿಸದ ಲಾಗಿನ್

ಗೋಕಾಕದ ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸುತ್ತಿದ್ದಾಗ ಹಣೆ ಚಚ್ಚಿಕೊಳ್ಳದೆ ಮನೆಗೆ ಹೋದ ದಿನ ನೆನಪಿಲ್ಲ. ನಾನು ಘೋಡಗೇರಿಯ ಕುರಿ ಕಾಯುವ ಮನೆಯವನು. ಕಂಪ್ಯೂಟರ್ ನಡೆಸುವ ಪುಕ್ಕಟೆ ಸಾಫ್ಟ್‌ವೇರ್ ಲಿನಕ್ಸ್ ಬಲ್ಲವ ಸುತ್ತ ಹತ್ತು ಹಳ್ಳಿಯಲ್ಲಿ ನಾನೊಬ್ಬನೇ. ಜಂಬವಲ್ಲ, ಖರೆ ಮಾತು.

೧

ಕ್ಲಾಸಿನ ಹತ್ತೂ ಕಂಪ್ಯೂಟರಿಗೆ ಲಿನಕ್ಸ್ ಹಾಕಿದವ ನಾನೇ. ಅದರಲ್ಲಿ ಹೆಸರು, ಪಾಸ್‌ವರ್ಡ್ ಕೇಳಿ ಒಳಗೆ ಬಿಡುವ ಲಾಗಿನ್ ಪ್ರೋಗ್ರಾಂ ಒಂದಿತ್ತು. ಶುರುವಾದಾಗ ‘ನಾನಿದ್ದೇನೆ’ ಎಂದು ಗುರುತಿನ ಫೈಲ್ ಇಡುತ್ತಿತ್ತು, ಬಂದ್ ಆಗುವಾಗ ಅದನ್ನು ಅಳಿಸುತ್ತಿರಲಿಲ್ಲ. ಮರುದಿನ ಅದೇ ಫೈಲ್ ನೋಡಿ, ಒಳಗೆ ಆಗಲೇ ಯಾರೋ ಇದ್ದಾರೆಂದು ಸುಮ್ಮನಾಗುತ್ತಿತ್ತು. ಪರದೆ ಕಪ್ಪು.

ಕ್ಲಾಸಿನ ಮಾಲಕರಿಗೆ ವಿವರಿಸಿದೆ.

“ಅಂದ್ರ, ತನ್ನ ಚಪ್ಪಲಿ ತಾನ ನೋಡಿ, ಮನ್ಯಾಗ ಯಾರೋ ಅದಾರ ಅಂತ ಹೊರಗ ನಿಂತೈತಿ?”

“ಹೌದ್ರಿ.”

“ನಿನ್ನಷ್ಟ ಶಾಣ್ಯಾ ಐತಿ ಬಿಡು. ಸೋಮವಾರದೊಳಗ ನೆಟ್ಟಗಾಗಲಿಲ್ಲಂದ್ರ ಇಬ್ಬರೂ ಹೊರಗ.”

೨

ಆ ಪ್ರೋಗ್ರಾಮಿನ ಕೋಡನ್ನು ಯಾರು ಬೇಕಾದರೂ ತಿದ್ದಬಹುದಿತ್ತು. ನಮ್ಮ ಕಡೆ ಯಾರು ಬೇಕಾದರೂ ಅಂದರೆ ನಾನು. ಬಂದ್ ಆಗುವಾಗ ಆ ಗುರುತಿನ ಫೈಲ್ ಇರುವ ಫೋಲ್ಡರನ್ನೇ ಪೂರಾ ಗುಡಿಸು ಎಂದು ಬರೆದೆ. ಗುಡಿಸಿತು. ಯಾರೂ ಕೈಹಾಕದ ಜಾಗವೆಂದು ಮಾಲಕರು ಮಗಳ ಲಗ್ನಪತ್ರಿಕೆಯನ್ನು ಒಂದೊಂದೇ ಅಕ್ಷರ ಒತ್ತಿ ಅಲ್ಲೇ ಇಟ್ಟಿದ್ದರು.

“ಕಸದ ಜೋಡಿ ನನ್ನ ಅಳಿಯನ್ನೂ ಗುಡಿಸಿ ಹಾಕಿದೆಲ್ಲೋ” ಅಂದರು.

೩

ಶನಿವಾರ ಆ ಒಂದು ಫೈಲ್ ಮಾತ್ರ ಅಳಿಸುವಂತೆ ಮತ್ತೆ ತಿದ್ದಿದೆ. ಮೆನುವಿನಿಂದ ನಾಲ್ಕು ಸಲ ಬಂದ್ ಮಾಡಿ ಚಾಲೂ ಮಾಡಿದೆ. ನಾಲ್ಕೂ ಸಲ ಲಾಗಿನ್ ಬಂತು. ಪರದೇಶದಲ್ಲಿ ಆ ಪ್ರೋಗ್ರಾಂ ನೋಡಿಕೊಳ್ಳುವವನಿಗೆ ನಾನು ತಿದ್ದಿದ್ದನ್ನು ಮೇಲ್ ಹಾಕಿದೆ. ಸಂಜೆಯೊಳಗೆ ಒಪ್ಪಿಕೊಂಡು ಥ್ಯಾಂಕ್ಸ್ ಬರೆದ. ಅದರ ಪ್ರಿಂಟ್ ತೆಗೆದು, ಕಂಪ್ಯೂಟರ್‌ಗಳನ್ನು ಚಾಲೂ ಇದ್ದ ಹಾಗೇ ಬಿಟ್ಟು ಬಸ್ಸಿಗೆ ಓಡಿದೆ. ಹುಕ್ಕೇರಿ ಬಸ್ಸಿನ ಕಂಡಕ್ಟರಿಗೂ ಓದಿ ಹೇಳಿದೆ.

“ಭಾಳ ಚಲೋ ಆತು. ಈಗ ಒಳಗ ಸರೀರಿ.”

೪

ಸೋಮವಾರ ಮಾಲಕರು ಬಾಜೂ ಅಂಗಡಿಯವರನ್ನೆಲ್ಲ ಕರೆದು ನಿಲ್ಲಿಸಿದರು. ಚಾಲೂ ಮಾಡಿದೆ. ಹತ್ತೂ ಪರದೆ ಕಪ್ಪು.

ಬಾಗಿಲಲ್ಲಿ ಕ್ಲಾಸಿನ ಕಸ ಹೊಡೆಯುವ ಅವ್ವ ನಿಂತಿದ್ದಳು.

“ಅವ್ವಾ, ಶನಿವಾರ ಇವನ್ನ ಯಾರು ಬಂದ್ ಮಾಡಿದ್ರು?”

“ನಾನ. ದಿನಾ ನಾನ ಮಾಡತೇನಲ್ಲ.” ಗೋಡೆಯ ಮೇನ್ ಸ್ವಿಚ್ ತೋರಿಸಿದಳು. “ಹೊಲದಾಗ ಮೋಟರ್ ಬಂದ್ ಮಾಡಿದಂಗ. ಖಟ್.”

ಕರೆಂಟೇ ಕಿತ್ತರೆ ಆ ಫೈಲ್ ಗುಡಿಸಲು ಲಾಗಿನ್ನಿಗೆ ಪುರಸೊತ್ತೆಲ್ಲಿ?

“ಹಂಗ ಬಂದ್ ಮಾಡಂತ ಯಾವ ಮಂಗ್ಯಾ ಹೇಳಿದ ನಿನಗ?” ಅಂದೆ.

“ನೀನ ತಮ್ಮಾ. ಮೊದಲನೇ ದಿನ ಎಲ್ಲಾರ ಮುಂದ ಎದಿ ಉಬ್ಬಿಸಿ ಹೇಳಿದೆಲ್ಲ, ಇದು ನಾ ಹಾಕಿದ ಲಿನಕ್ಸ್, ಮೇನ್ ಕಿತ್ತರೂ ಏನೂ ಆಗೂದಿಲ್ಲ ಅಂತ.”

ಮಾಲಕರು ನನ್ನನ್ನು ಹೊರಗೆ ಹಾಕಲಿಲ್ಲ. ಅವ್ವನ ಕಸಬರಿಗೆ ಇಸಿದುಕೊಂಡು ನನ್ನ ಕೈಗಿಟ್ಟರು.

“ಬಂದ್ ಮಾಡಾಕ ಕಲಿಯೂ ತನಕ ನೀ ಕಸಾ ಹೊಡಿ. ಕ್ಲಾಸ್ ಅವ್ವ ತೊಗೋತಾಳ.”